ಅಂಗಳದ ಕೆಂಪು ಸೀರೆ

"ಗುರುಗಳೇ, ದಾರಿಯಲ್ಲಿ ನನ್ನ ಊರು ಸಿಗುತ್ತದೆ. ಅಲ್ಲಿ ಇಳಿಯಲೇಬೇಕೇ?" ಎಂದು ವಾಮನ ಕೇಳಿದ.

ಅವನು ದೇಶ ನೋಡಲು ಹೊರಟಿದ್ದ. ಗಂಟು ಕಟ್ಟಿ ಆಗಿತ್ತು. ಗುರುಗಳು ಬಾವಿಕಟ್ಟೆಯ ಮೇಲೆ ಕೂತು ಕಾಲು ತೊಳೆಯುತ್ತಿದ್ದರು. "ಊರಲ್ಲಿ ಯಾರಿದ್ದಾರೆ?" ಎಂದರು.

"ಅಕ್ಕ ಇದ್ದಾಳೆ. ಸಾಕಿದವಳು ಅವಳೇ. ಕಡಲ ಬದಿಗೆ ಒಂದು ಬಂಡೆ ಇದೆ. ಚಿಕ್ಕವರಿದ್ದಾಗ ಅದರ ಮೇಲೆ ಕೂತು ಹೊತ್ತು ಮುಳುಗುವುದನ್ನು ನೋಡುತ್ತಿದ್ದೆವು. ಒಮ್ಮೆ ಬಾ, ಮತ್ತೆ ಅಲ್ಲಿ ಕೂರೋಣ ಎಂದು ಹೇಳಿ ಕಳಿಸುತ್ತಲೇ ಇರುತ್ತಾಳೆ. ನೋಡದೆ ಇದ್ದದ್ದು ಏನಿದೆ ಅಲ್ಲಿ? ಬಂಡೆ ಎಲ್ಲಿಗೂ ಹೋಗುವುದಿಲ್ಲವಲ್ಲ. ತಿರುಗಿ ಬರುವಾಗ ನೋಡಿದರಾಯಿತು."

ಗುರುಗಳು ತಂಬಿಗೆ ಕೆಳಗಿಟ್ಟರು. "ಗಂಟು ಕೆಳಗಿಡು. ಹೆಗಲು ನೋಯುತ್ತದೆ" ಎಂದು ಹೇಳಿ ಕತೆ ಶುರುಮಾಡಿದರು.

ಒಂದು ಅಳಿವೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಹೊಳೆ ಕಡಲಿಗೆ ಸೇರುವಲ್ಲಿ ಒಂದು ದ್ವೀಪ. ದ್ವೀಪದಲ್ಲಿ ಗುಡ್ಡ, ಗುಡ್ಡದ ತುದಿಯಲ್ಲಿ ಮುರಿದ ಕೋಟೆ. ಅದನ್ನು ನೋಡಲು ದೂರದೂರದಿಂದ ಜನ ಬರುತ್ತಿದ್ದರು. ಅಂಬಿಗ ಅವರನ್ನು ದಾಟಿಸುತ್ತಿದ್ದ. ಅವರು ಹತ್ತಿ ಇಳಿದು ಬರುವ ತನಕ ಅವನು ದೋಣಿ ಬಿಟ್ಟು ಕದಲುವಂತಿರಲಿಲ್ಲ. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದಂತೆ ದೋಣಿಯನ್ನೂ ಸರಿಸುತ್ತಾ ಹೋಗಬೇಕು. ಮರೆತರೆ ದೋಣಿ ಮರಳಿನ ಮೇಲೆ ಕೂತುಬಿಡುತ್ತದೆ. ಹೀಗೆ ಊರಿನವರೆಲ್ಲ ಕೋಟೆಯ ಅಂಬಿಗ ಎಂದು ಕರೆಯುತ್ತಿದ್ದ ಆ ಮನುಷ್ಯ ಕೋಟೆಯನ್ನು ಹತ್ತಿಯೇ ಇರಲಿಲ್ಲ. ಅದನ್ನು ಯಾರೂ ಅವನಲ್ಲಿ ಕೇಳಲೂ ಇಲ್ಲ.

ಮದುವೆಯಾದ ಹೊಸತರಲ್ಲಿ ಹೆಂಡತಿ, "ನನಗೂ ಒಮ್ಮೆ ಗುಡ್ಡ ತೋರಿಸಿ" ಎಂದಳು.

"ಗುಡ್ಡ ಎಲ್ಲಿಗೆ ಹೋಗ್ತದೆ ಮಾರಾಯ್ತಿ? ಜನ ಕಡಿಮೆ ಆಗ್ಲಿ, ಕರ್ಕೊಂಡು ಹೋಗ್ತೇನೆ."

"ಅಲ್ಲಿಂದ ನಮ್ಮ ಮನೆ ಕಾಣ್ತದಾ?"

ಅವರ ಮನೆ ತೆಂಗಿನ ಸಾಲಿನ ಹಿಂದಿತ್ತು. ನೀರಿನ ಮೇಲಿಂದ ಕಾಣುತ್ತಿರಲಿಲ್ಲ. ಮೇಲಿಂದ ಹೇಗೋ, ಅವನಿಗೇನು ಗೊತ್ತು? ಹತ್ತಿಲ್ಲ ಎಂದು ಹೊಸ ಹೆಂಡತಿಯ ಮುಂದೆ ಹೇಳಲು ನಾಚಿಕೆಯಾಯಿತು. "ಕಾಣದೆ ಏನು? ಚೆಂದ ಕಾಣ್ತದೆ" ಎಂದುಬಿಟ್ಟ.

ಅವಳ ಮುಖ ಅರಳಿತು. "ಹಾಗಾದ್ರೆ ನಾನು ಅಂಗಳದ ಬಿದಿರಿಗೆ ನನ್ನ ಕೆಂಪು ಸೀರೆ ಕಟ್ತೇನೆ. ನೀವು ಮೇಲಿಂದ ನೋಡಿ. ಅಷ್ಟು ಹೊತ್ತು ನಾನೂ ನಿಮ್ಮ ಜೊತೆ ಬಂದ ಹಾಗೆ."

ಅಂದಿನಿಂದ ದೋಣಿ ಹೊರಟ ದಿನವೆಲ್ಲ ಅವಳು ಸೀರೆ ಕಟ್ಟಿದಳು. ಸಂಜೆ ಅವನು ಕಾಲು ತೊಳೆಯಲು ನಿಂತರೆ ಕೇಳುತ್ತಿದ್ದಳು, "ಇವತ್ತು ಕಂಡಿತಾ?" ಅವನು "ಕಂಡಿತು" ಎನ್ನುತ್ತಿದ್ದ. ಗಂಜಿ ಬಡಿಸುವಾಗ ಅವಳ ಕೈಯಲ್ಲಿ ಒಂದು ಸಡಗರ. ಮೊದಮೊದಲು ಅವನಿಗೆ ಸುಳ್ಳು ಚುಚ್ಚುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಬಿಸಿಲಿಗೆ ಸೀರೆ ಬಣ್ಣಗೆಟ್ಟಿತು. ಅವಳು ಸಂತೆಯಿಂದ ಇನ್ನೊಂದು ಕೆಂಪು ಸೀರೆ ತಂದಳು. ಅದನ್ನು ಉಡಲಿಲ್ಲ, ಬಿದಿರಿಗೇ ಕಟ್ಟಿದಳು. ಜನ ಕಡಿಮೆಯಾಗುವ ದಿನ ಬರಲೇ ಇಲ್ಲ.

ಒಂದು ಮಳೆಗಾಲ, ದೋಣಿ ದಡದಲ್ಲಿ ಮಗುಚಿಕೊಂಡು ಮಲಗಿದ್ದಾಗ, ಅವಳಿಗೆ ಜ್ವರ ಬಂತು. ಹೊಳೆ ತುಂಬಿತ್ತು, ವೈದ್ಯ ಆಚೆ ದಡದಲ್ಲೇ ಉಳಿದ. ಅವಳು ತೀರಿಕೊಂಡಳು.

ಮಳೆ ನಿಂತಿತು. ಅಂಬಿಗ ಮತ್ತೆ ದೋಣಿ ನೀರಿಗಿಳಿಸಿದ. ಮತ್ತೇನು ಮಾಡಿಯಾನು? ಆ ಸಲ ಒಬ್ಬ ವ್ಯಾಪಾರಿ ಬಂದ. ವರ್ಷವರ್ಷ ಬರುತ್ತಿದ್ದ ಗಿರಾಕಿ. ಮಗಳನ್ನೂ ಕರೆತಂದಿದ್ದ. ಗುಡ್ಡ ಇಳಿದು ಬಂದಾಗ ಅವನ ಮುಖ ಸಪ್ಪೆಯಾಗಿತ್ತು.

"ಅಂಬಿಗ, ಆ ತೆಂಗಿನ ಸಾಲಿನ ಹಿಂದೆ ಒಂದು ಕೆಂಪು ಸೀರೆ ಹಾರುತ್ತಿತ್ತಲ್ಲ. ಈ ಸಲ ಯಾಕಿಲ್ಲ?"

ಅಂಬಿಗ ದೋಣಿ ನೂಕುವ ಗಳವನ್ನು ಕೆಳಗಿಟ್ಟ. "ಅದು ಕಾಣುತ್ತಿತ್ತೇ?" ಎಂದ.

"ಕಾಣದೆ ಏನು? ಕೋಟೆ, ಕಡಲು ಬೇರೆ ಕಡೆಯೂ ಇವೆ. ಮೇಲೆ ನಿಂತಾಗ ಯಾರೋ ಮನೆಗೆ ಕರೆಯುತ್ತಿದ್ದಾರೆ ಎನ್ನಿಸುತ್ತಿದ್ದುದು ಇಲ್ಲಿ ಮಾತ್ರ. ಮಗಳಿಗೆ ಅದನ್ನೇ ತೋರಿಸಬೇಕೆಂದು ಬಂದೆ."

ಇಳಿತ ಶುರುವಾಗಿತ್ತು. ಆದರೂ ಅಂಬಿಗ ದೋಣಿ ಬಿಟ್ಟು ಗುಡ್ಡ ಹತ್ತಿದ. ತುದಿಯಲ್ಲಿ ನಿಂತು ನೋಡಿದರೆ ತೆಂಗಿನ ಸಾಲು ಕಾಲ ಕೆಳಗಿತ್ತು. ಅದರ ಹಿಂದೆ ಅವನ ಮನೆಯ ಮಾಡು, ಬಾವಿ, ಅವಳು ಸಗಣಿ ಸಾರಿಸುತ್ತಿದ್ದ ಅಂಗಳ, ಬರಿ ಬಿದಿರು. ಎಲ್ಲವೂ ಅವಳು ಇಟ್ಟ ಹಾಗೇ ಇತ್ತು. ಅವನು ಹೇಳಿದ್ದ ಸುಳ್ಳು ಸುಳ್ಳೇ ಆಗಿರಲಿಲ್ಲ. ಕಂಡವರ ಗುಂಪಿನಲ್ಲಿ ಅವನೊಬ್ಬನಿರಲಿಲ್ಲ, ಅಷ್ಟೇ. ಅವನು ಅಲ್ಲೇ ಕೂತು ಅತ್ತ. ಕೆಳಗೆ ದೋಣಿ ಮರಳಿನ ಮೇಲೆ ಕೂತಿತು. ಭರತದ ನೀರು ಏರಿ ಬರುವ ತನಕ ವ್ಯಾಪಾರಿ ಮಗಳೊಂದಿಗೆ ಕಾದ. ಬೈಯಲಿಲ್ಲ.

ಮರುದಿನ ಬೆಳಿಗ್ಗೆ ಅಂಬಿಗ ತಾನೇ ಪೆಟ್ಟಿಗೆಯಿಂದ ಸೀರೆ ತೆಗೆದು ಬಿದಿರಿಗೆ ಕಟ್ಟಿದ. ದೋಣಿ ದಾಟಿಸಿ ಗುಡ್ಡ ಹತ್ತಿ ನೋಡಿದ. ಸೀರೆ ಚೆಂದ ಕಾಣುತ್ತಿತ್ತು. ಸಂಜೆ ಮನೆಗೆ ಬಂದು ಕಾಲು ತೊಳೆದು, "ಇವತ್ತು ಕಂಡಿತು" ಎಂದ. ಒಳಗಿನಿಂದ ಯಾರೂ ಕೇಳಿರಲಿಲ್ಲ.

ಗುರುಗಳು ಅಷ್ಟಕ್ಕೇ ನಿಲ್ಲಿಸಿ ತಂಬಿಗೆ ಎತ್ತಿಕೊಂಡರು.

ವಾಮನ ಮತ್ತೆ ಗಂಟು ಹೆಗಲಿಗೇರಿಸುತ್ತಾ, "ಪಾಪದ ಅಂಬಿಗ. ಆದರೆ ಗುರುಗಳೇ, ಅವನು ಗುಡ್ಡವನ್ನು ನೋಡಿಯೇ ಇರಲಿಲ್ಲ. ನಾನು ಆ ಬಂಡೆಯನ್ನು ಎಷ್ಟು ಸಲ ನೋಡಿಲ್ಲ!" ಎಂದ.

"ಬಂಡೆ ಎಲ್ಲಿಗೂ ಹೋಗುವುದಿಲ್ಲ ಎಂದು ನೀನೇ ಹೇಳಿದೆ ವಾಮನ, ಅಕ್ಕನ ಬಗ್ಗೆ ಹಾಗೆ ಹೇಳಲಿಲ್ಲ."