ಲಿಂದೊಮಾರ್ ಗೋಲುಕಂಬವಾಗಿ ನಿಂತದ್ದು

ಬ್ರೆಜಿಲ್ ದೇಶದಲ್ಲಿ, ಅಮೆಜಾನ್ ಹೊಳೆ ಸಮುದ್ರ ಸೇರುವ ಕಡೆ, ಒಂದು ಆಟದ ಬಯಲಿದೆ. ದಿನದ ಉಬ್ಬರವಿಳಿತಕ್ಕೆ ನೀರು ಇಳಿದಾಗ ಹುಟ್ಟುತ್ತದೆ, ಏರಿದಾಗ ಮುಳುಗುತ್ತದೆ. ಹುಲ್ಲಿನ ಒಂದು ಎಸಳೂ ಇಲ್ಲ. ಪೂರಾ ಕೆಸರು.

ಆ ಕೆಸರಲ್ಲಿ ಊರ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಿದ್ದ ಮುದುಕನ ಹೆಸರು ಸೆರಾಫಿಂ. ಎಲ್ಲರ ಬಾಯಲ್ಲೂ ಸೆರಾಫಿಂ ಮೇಷ್ಟ್ರು.

ಅವರ ಶಿಷ್ಯರಲ್ಲಿ ಒಬ್ಬನೇ ಒಬ್ಬ ಲೋಕಕ್ಕೆಲ್ಲ ಗೊತ್ತಾದ. ಅವನು ಲಿಂದೊಮಾರ್. ದೇಶದ ತಂಡದ ಹಳದಿ ಅಂಗಿ ತೊಟ್ಟು ಆಡಿದವನು. ಅವನ ಎಡಗಾಲಿನ ಏಟು ಎಂಥದ್ದು ಅಂತೀರಿ? ಎದುರು ತಂಡದ ಗೋಲು ಕಾಯುವ ಗೋಲಿ ಚೆಂಡು ಹಿಡಿಯುವುದು ಬಿಟ್ಟು ನಿಂತು ನೋಡುತ್ತಿದ್ದ. ಈ ಮಾತನ್ನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದವನು ಲಿಂದೊಮಾರನೇ. ಆದರೆ ಮಾತು ಸುಳ್ಳಲ್ಲ.

ಒಂದು ವರ್ಷ ಮೊಣಕಾಲು ಕೈಕೊಟ್ಟಿತು. ಆಟ ಬಿಟ್ಟ. ಹುಟ್ಟಿದೂರಿನ ಕ್ಲಬ್ಬಿಗೇ ಕೋಚ್ ಆಗಿ ಬಂದ. ಊರವರು ಹೆಗಲ ಮೇಲೆ ಹೊತ್ತು ಮೆರೆಸಿದರು.

ಅಲ್ಲಿಂದ ಮುಂದೆ ತಂಡ ಸೋತದ್ದೇ ಸೋತದ್ದು.

ಒಂದು ಮಧ್ಯಾಹ್ನ ಅವನು ಧುಮುಗುಡುತ್ತ ಹೊಳೆದಂಡೆಗೆ ಬಂದ. ಕಾಲಲ್ಲಿ ಬಿಳಿ ಬೂಟು. ಮೇಷ್ಟ್ರು ಮಗುಚಿ ಹಾಕಿದ ದೋಣಿಯ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತಿದ್ದರು.

“ಮೇಷ್ಟ್ರೇ, ನನ್ನ ತಂಡದಲ್ಲಿರುವುದೆಲ್ಲ ಕತ್ತೆಗಳು.”

“ಕೂತ್ಕೋ.”

“ಕೂರಲಿಕ್ಕೆ ಬಂದಿಲ್ಲ. ಭಾನುವಾರ ಕೊನೇ ಪಂದ್ಯ. ಗೆಲ್ಲದಿದ್ದರೆ ತಂಡ ಕೆಳಗಿನ ದರ್ಜೆಗೆ ಬೀಳುತ್ತದೆ. ತಂಡ ಬಿದ್ದರೆ ನೀನು ಗಂಟುಮೂಟೆ ಕಟ್ಟು ಅಂತ ಕ್ಲಬ್ಬಿನ ಅಧ್ಯಕ್ಷರು ಮುಖಕ್ಕೇ ಹೇಳಿದ್ದಾರೆ. ಹೊತ್ತು ಮೆರೆಸಿದ ಊರೇ ನನ್ನನ್ನು ಓಡಿಸಬೇಕಾ?”

“ಹಣ್ಣು ತಿನ್ತೀಯಾ?”

“ಮೇಷ್ಟ್ರೇ!”

ಮೇಷ್ಟ್ರು ತಾವೇ ತಿಂದರು. “ಹುಡುಗರಿಗೆ ಏನು ಬರುವುದಿಲ್ಲ?”

“ಏನೂ ಬರುವುದಿಲ್ಲ. ನಾನು ಬಾಯಲ್ಲಿ ಹೇಳಿ ಬಿಡುವವನಲ್ಲ, ಹೊಡೆದು ತೋರಿಸುತ್ತೇನೆ. ಇಲ್ಲಿಂದ ಹೊಡೆದರೆ ಅಲ್ಲಿ ಮೂಲೆಗೆ ಹೋಗಿ ಕೂರುತ್ತದೆ ಚೆಂಡು. ಮುಂಡೇವು ಚಪ್ಪಾಳೆ ತಟ್ಟುತ್ತವೆ! ಕಲಿಯಿರೋ ಅಂದರೆ ಚಪ್ಪಾಳೆ!”

“ಚೆನ್ನಾಗಿ ಹೊಡೆದಿರುತ್ತೀ.”

“ಚೆನ್ನಾಗೇ ಹೊಡೆಯುತ್ತೇನೆ. ಅದು ಬೇರೆ ಮಾತು.”

ಲಿಂದೊಮಾರ್ ಅತ್ತಿಂದಿತ್ತ ಓಡಾಡಿದ.

“ಜೊಯೆಲ್ ಅಂತ ಒಬ್ಬನಿದ್ದಾನೆ. ನನ್ನ ಆಟದ ಅರ್ಧ ಇದೆ ಅವನ ಕಾಲಲ್ಲಿ.” ಸ್ವಲ್ಪ ತಡೆದ. “ಅರ್ಧಕ್ಕಿಂತ ತುಸು ಹೆಚ್ಚೇ ಇದ್ದೀತು. ನಾನು ಬರುವ ಮೊದಲು ಸರಾಗ ಗೋಲು ಹೊಡೆಯುತ್ತಿದ್ದನಂತೆ. ಈಗ ನೋಡಿ, ಚೆಂಡು ಕಾಲಲ್ಲೇ ಇರುತ್ತದೆ, ಎದುರಿಗೆ ಗೋಲಿ ಒಬ್ಬನೇ, ಇವನು ನಿಂತುಬಿಡುತ್ತಾನೆ! ಯಾತಕ್ಕೆ ಕಾಯುತ್ತಾನೆ? ಬಸ್ಸಿಗಾ?”

“ಯಾತಕ್ಕೆ ಕಾಯುತ್ತಾನೆ?”

“ಗೊತ್ತಿದ್ದರೆ ನಿಮ್ಮ ಹತ್ತಿರ ಯಾಕೆ ಬರುತ್ತಿದ್ದೆ?”

“ನಾಳೆ ನೀರು ಇಳಿದ ಮೇಲೆ ತಂಡ ಕರಕೊಂಡು ಬಾ.”

“ಈ ಕೆಸರಿಗಾ? ಅವರು ಸಂಬಳದ ಆಟಗಾರರು ಮೇಷ್ಟ್ರೇ, ಕಾಲುಗೀಲು ಮುರಿದುಕೊಂಡರೆ?”

ಮೇಷ್ಟ್ರು ಹಣ್ಣಿನ ಸಿಪ್ಪೆಯನ್ನು ಅವನ ಕೈಯಲ್ಲಿಟ್ಟರು. ಇನ್ನು ಹೊರಡು ಅಂತ ಅರ್ಥ.

ಲಿಂದೊಮಾರ್ ಬೈದುಕೊಂಡು ಹೊರಟ. ಪೇಟೆಬೀದಿ ಸಿಗುವವರೆಗೂ ಸಿಪ್ಪೆ ಕೈಯಲ್ಲೇ ಇದ್ದದ್ದು ಅವನ ಗಮನಕ್ಕೆ ಬರಲಿಲ್ಲ.

ಮರುದಿನ ತಂಡ ಬಂತು. ಎದುರುಬದುರು ಆಡಲು ಮೇಷ್ಟ್ರು ಹುಡುಗರನ್ನು ಎರಡು ಪಾಲು ಮಾಡಿದರು. ನೀರು ಹಿಂದೆ ಸರಿದು ಬಯಲು ಮಿರಮಿರ ಹೊಳೆಯುತ್ತಿತ್ತು. ಆಚೆ ತುದಿಯ ಗೋಲಿಗೆ ಎರಡು ಗೂಟ ನಿಂತಿದ್ದವು. ಈಚೆಯದಕ್ಕೆ ಒಂದೇ. ಇನ್ನೊಂದನ್ನು ಹೊಳೆ ಒಯ್ದಿತ್ತು.

ಮೇಷ್ಟ್ರು ಆ ಖಾಲಿ ಜಾಗಕ್ಕೆ ಕೈ ತೋರಿಸಿದರು. “ಲಿಂದೊಮಾರ್, ಅಲ್ಲಿ ನಿಲ್ಲು.”

“ಯಾಕೆ?”

“ಒಂದು ಕಂಬ ಕಮ್ಮಿ ಇದೆ.”

ಹುಡುಗರು ಮುಖ ಆಚೆ ತಿರುಗಿಸಿಕೊಂಡು ನಕ್ಕರು.

“ನಾನು ಕಂಬವಾ? ಒಂದು ಗೂಟ ಸಿಗಲಿಲ್ಲವಾ ಇಡೀ ಊರಲ್ಲಿ?”

“ನಿನ್ನಷ್ಟು ಗಟ್ಟಿಯದು ಸಿಗಲಿಲ್ಲ. ನೋಡು, ಕಂಬ ಅಂದಮೇಲೆ ಮಾತಾಡುವಂತಿಲ್ಲ. ಮಿಸುಕುವಂತಿಲ್ಲ. ಮಾತಾಡಿದರೆ ಜೊಯೆಲ್‌ನ ಕಡೆಯವರ ಮೇಲೆ ಒಂದು ಗೋಲು.”

“ಅವನ ಮೇಲೆ ಯಾಕೆ? ಮಾತಾಡುವವನು ನಾನು!”

“ಒಂದು ಗೋಲು,” ಅಂದರು ಮೇಷ್ಟ್ರು. “ಇನ್ನೂ ಆಟ ಶುರುವಾಗಿಲ್ಲ.”

ಲಿಂದೊಮಾರ್ ಹಲ್ಲು ಕಚ್ಚಿಕೊಂಡು ಹೋಗಿ ನಿಂತ. ಬಿಳಿ ಬೂಟು ಗುಳಕ್ಕೆಂದು ಒಳಗಿಳಿಯಿತು. ಹಳದಿ ಅಂಗಿ ತೊಟ್ಟು ಮೆರೆದವನು, ಈಗ ಗೂಟದ ಜತೆಗಾರ.

ಆಟ ಶುರುವಾಯಿತು. ಜೊಯೆಲ್‌ನ ಕಡೆಯವರು ಈ ಗೋಲಿನತ್ತ ನುಗ್ಗಬೇಕು. ಹುಡುಗರು ಜಾರಿದರು, ಬಿದ್ದರು, ಒಬ್ಬರ ಮೇಲೊಬ್ಬರು ಉರುಳಿದರು. ಒಬ್ಬ ಚೆಂಡನ್ನು ಮುಂದಕ್ಕೆ ಕೊಡುವ ಬದಲು ಹಿಂದಕ್ಕೆ ಕೊಟ್ಟ. ಲಿಂದೊಮಾರನಿಗೆ ತಡೆಯಲಾಗಲಿಲ್ಲ.

“ಮುಂದೆ ಕೊಡೋ, ಕುರುಡ!”

“ಗೋಲು,” ಅಂದರು ಮೇಷ್ಟ್ರು.

“ಅಯ್ಯೋ ದೇವರೇ!”

“ಇನ್ನೊಂದು ಗೋಲು.”

ಜೊಯೆಲ್‌ನ ಜತೆಗಾರರು ಲಿಂದೊಮಾರನನ್ನು ಕೈಮುಗಿದು ನೋಡಿದರು. ಸಾಕು ಮಹರಾಯ, ಬಾಯಿ ಮುಚ್ಚು ಎನ್ನುವ ಹಾಗೆ. ಅವನು ತುಟಿ ಬಿಗಿದುಕೊಂಡ.

ಆಗ ಜೊಯೆಲ್ ಚೆಂಡು ಹಿಡಿದು ನೇರ ಗೋಲಿನತ್ತ ಬಂದ.

ಲಿಂದೊಮಾರ್ ಯಾವತ್ತೂ ಅವನನ್ನು ಗೆರೆಯಾಚೆಯ ಬೆಂಚಿನ ಕಡೆಯಿಂದ ನೋಡಿದವನು. ಎದುರಿನಿಂದ ನೋಡಿದ್ದು ಇದೇ ಮೊದಲು. ಗೋಲು ಹೊಡೆಯಲು ಬರುವವನ ಮುಖ ಹೀಗಿರುತ್ತದಾ? ಬಾಗಿಲಲ್ಲಿ ನಿಂತು, ಒಳಗೆ ಬರಲಾ ಬೇಡವಾ ಎಂದು ಕೇಳುವವನ ಮುಖ ಅದು.

ಅವನ ಕಣ್ಣು ಚೆಂಡಿನ ಮೇಲಿರಲಿಲ್ಲ. ಗೋಲಿಯ ಮೇಲೂ ಇರಲಿಲ್ಲ. ಕಂಬದ ಮೇಲಿತ್ತು.

ಲಿಂದೊಮಾರನ ಎಡಗಾಲು ತಾನಾಗಿ ಕೆಸರಿಂದ ಕಿತ್ತು ಬಂತು. ಹೀಗೆ, ಒಳಗಡೆಯಿಂದ ಹೊಡಿ ಎಂದು ಗಾಳಿಯಲ್ಲಿ ಬೀಸಿ ತೋರಿಸಿತು. ಜೊಯೆಲ್ ಅದನ್ನೇ ನೋಡಿ, ಅದನ್ನೇ ಮಾಡಹೋಗಿ, ಬೀಸಿದ ಕಾಲು ಗಾಳಿಗೆ ಬಡಿದು ಚೆಂಡು ಅಲ್ಲೇ ಉಳಿಯಿತು.

ಇನ್ನು ಯಾರಿಂದ ಸಹಿಸಲು ಸಾಧ್ಯ? ಲಿಂದೊಮಾರ್ ನುಗ್ಗಿದ. ಒಂದೇ ಏಟು. ಕೆಸರನ್ನು ಸೀಳಿಕೊಂಡು ಚೆಂಡು ಗೋಲಿನೊಳಗೆ ಹೋಯಿತು.

ಹುಡುಗರೆಲ್ಲ ಚಪ್ಪಾಳೆ ತಟ್ಟಿದರು.

“ಕಂಬ ಒದೆಯಿತು,” ಅಂದರು ಮೇಷ್ಟ್ರು. “ಇಂಥದ್ದನ್ನು ನಾನೂ ಇಷ್ಟು ವರ್ಷದಲ್ಲಿ ನೋಡಿರಲಿಲ್ಲ. ಎರಡು ಗೋಲು ಹಾಕಿ.”

“ಸಾಕು ಮೇಷ್ಟ್ರೇ ಈ ಹುಡುಗಾಟ! ಕಣ್ಣೆದುರೇ ತಪ್ಪು ಮಾಡುತ್ತಿದ್ದಾನೆ, ಹೇಳಬೇಡವಾ?”

“ಮಾಡಲಿ.”

“ಎಲ್ಲಿಯವರೆಗೆ?”

“ನೀರು ಬರುವವರೆಗೆ ಹೊತ್ತಿದೆ.”

ಲಿಂದೊಮಾರನ ತಾಳ್ಮೆ ಹರಿಯಿತು. ಹುಡುಗರೆಲ್ಲ ಕೇಳಿಸಿಕೊಳ್ಳುವಂತೆ ಕೂಗಿದ. “ನಿಮಗೇನು ಗೊತ್ತು ಇದರ ಕಷ್ಟ! ಒಂದು ದಿನ, ಒಂದೇ ಒಂದು ದಿನ, ನಮಗೆ ಚೆಂಡು ಒದ್ದು ತೋರಿಸಿದ್ದೀರಾ ನೀವು?”

ಗುರುವಿಗೆ ಹಾಗೆ ಹೇಳಿದವನು ಆ ಕೆಸರಲ್ಲಿ ಮತ್ತೊಬ್ಬನಿರಲಿಲ್ಲ.

“ಇಲ್ಲ,” ಅಂದರು ಸೆರಾಫಿಂ ಮೇಷ್ಟ್ರು. “ನನಗೆ ಒದೆಯಲಿಕ್ಕೆ ಬರುವುದಿಲ್ಲ.”

ಲಿಂದೊಮಾರ್ ಹೋಗಿ ತನ್ನ ಜಾಗದಲ್ಲಿ ನಿಂತ.

ಹೊಳೆ ವಾಪಸು ಬರತೊಡಗಿತ್ತು. ನೀರು ಹಿಮ್ಮಡಿ ಮುಟ್ಟುವ ಹೊತ್ತಿಗೆ ಜೊಯೆಲ್ ಮತ್ತೆ ಚೆಂಡು ಹಿಡಿದು ಬಂದ. ನೋಡಿದರೆ ಕಾಲು ಸುಮ್ಮನಿರುವುದಿಲ್ಲ ಎಂದು ಲಿಂದೊಮಾರನಿಗೆ ಗೊತ್ತಿತ್ತು. ಕಣ್ಣು ಮುಚ್ಚಿಕೊಂಡ.

ಚೆಂಡು ಬಂದು ಅವನ ಹೊಟ್ಟೆಗೇ ಬಡಿಯಿತು. ಬಕ್ಕಬೋರಲು ಬಿದ್ದ.

“ಸಾರ್! ಸಾರ್, ಬೇಕಂತ ಮಾಡಲಿಲ್ಲ ಸಾರ್!” ಜೊಯೆಲ್ ಓಡಿ ಬಂದ.

ಲಿಂದೊಮಾರನಿಗೆ ಹೇಳುವುದು ಬೇಕಾದಷ್ಟಿತ್ತು. ಆದರೆ ಬಾಯಿ ತುಂಬ ಕೆಸರು.

ಜೊಯೆಲ್ ಬೈಗುಳಕ್ಕೆ ಕಾದ. ಬೈಗುಳ ಬರಲಿಲ್ಲ. ಚೆಂಡು ನೀರಲ್ಲಿ ತೇಲುತ್ತ ಅವನ ಕಾಲಿನ ಹತ್ತಿರವೇ ಬಂತು. ಅವನು ಅತ್ತ ನೋಡಿದ, ಇತ್ತ ನೋಡಿದ. ಹೇಳುವವರು ಯಾರೂ ಇಲ್ಲ. ಬೆರಳ ತುದಿಯಿಂದ ಫಟ್ಟನೆ ಒದ್ದ. ಗೋಲು.

ಎಂಥಾ ಹೊಲಸು ಒದೆತ! ಲಿಂದೊಮಾರ್ ಕೆಸರು ಉಗುಳುತ್ತ ಎದ್ದ. ಬಾಯಿ ಖಾಲಿಯಾಗುವಷ್ಟರಲ್ಲಿ ಹುಡುಗರು ಜೊಯೆಲ್‌ನನ್ನು ಎತ್ತಿಕೊಂಡು ಕುಣಿಯುತ್ತಿದ್ದರು.

“ಇವತ್ತಿಗೆ ಸಾಕು,” ಅಂದರು ಮೇಷ್ಟ್ರು. “ಕಂಬ ಚೆನ್ನಾಗಿತ್ತು.”

ಭಾನುವಾರ ಬಂತು. ಊರಿಗೆ ಊರೇ ಮೈದಾನದಲ್ಲಿತ್ತು.

ಆಟ ಮುಗಿಯುತ್ತ ಬಂದರೂ ಎರಡೂ ಕಡೆ ಗೋಲಿಲ್ಲ. ಡ್ರಾ ಆದರೂ ತಂಡ ಬಿದ್ದಂತೆಯೇ. ಅಷ್ಟರಲ್ಲಿ ಎದುರು ತಂಡದವನೊಬ್ಬ ಜೊಯೆಲ್‌ನನ್ನು ಕೆಡವಿದ. ಫ್ರೀಕಿಕ್ ಸಿಕ್ಕಿತು.

ಗೋಲಿನಿಂದ ಹೆಚ್ಚು ದೂರವಿಲ್ಲ, ತುಸು ಬಲಕ್ಕೆ. ಇಂಥ ಜಾಗದಿಂದ ಹೊಡೆದು ಹೊಡೆದೇ ಲಿಂದೊಮಾರ್ ಲಿಂದೊಮಾರ್ ಆದದ್ದು. ಜನಕ್ಕೆ ಅದು ನೆನಪಾಯಿತು. “ಲಿಂ-ದೊ-ಮಾರ್! ಲಿಂ-ದೊ-ಮಾರ್!” ಎಂದು ಕೂಗತೊಡಗಿದರು. ಆಡುತ್ತಿರುವವನ ಹೆಸರು ಯಾರ ಬಾಯಲ್ಲೂ ಇಲ್ಲ.

ಎದುರು ತಂಡದವರು ಹೆಗಲಿಗೆ ಹೆಗಲು ಕೊಟ್ಟು ಗೋಡೆ ಕಟ್ಟಿ ನಿಂತರು. ಜೊಯೆಲ್ ಚೆಂಡು ನೆಲಕ್ಕಿಟ್ಟ. ಹಿಂದೆ ಸರಿದ. ಆಮೇಲೆ ತಲೆ ಎತ್ತಿ ಬೆಂಚಿನ ಕಡೆ ನೋಡಿದ.

ಅದೇ ಮುಖ. ಒಳಗೆ ಬರಲಾ, ಬೇಡವಾ?

ಲಿಂದೊಮಾರನ ಕೈ ಮೇಲೆದ್ದಿತು. ಅದನ್ನು ಕಂಕುಳಲ್ಲಿ ಅದುಮಿಕೊಂಡ. ಎಡಗಾಲು ಕುಪ್ಪಳಿಸಿತು. ಅದರ ಮೇಲೆ ಬಲಗಾಲಿಟ್ಟು ತುಳಿದುಕೊಂಡ. ಇನ್ನು ಕಣ್ಣು ಉಳಿಯಿತು. ಕಣ್ಣಲ್ಲೂ ಹೇಳಿಬಿಡುತ್ತೇನೆಂದು ಅವನಿಗೆ ಗೊತ್ತಾಯಿತು.

ಆಟಕ್ಕೆ ಬೆನ್ನು ಹಾಕಿ ನಿಂತುಬಿಟ್ಟ.

“ಏಯ್, ಏನು ಮಾಡ್ತಿದ್ದೀಯೋ!” ಎಂದು ಅಧ್ಯಕ್ಷರು ಕುರ್ಚಿಯಿಂದೆದ್ದು ಅರಚಿದರು. “ಹೇಳೋ ಅವನಿಗೆ! ತಿರುಗೋ ಆ ಕಡೆ!”

ಅವನು ತಿರುಗಲಿಲ್ಲ. ಅವನ ಎದುರಿಗೆ ಈಗ ಆಟವಿಲ್ಲ, ಬರೀ ಜನ. ಐಸ್ ಮಾರುವವನೊಬ್ಬ ಐಸ್ ಕರಗಿ ಮೊಣಕೈಗೆ ಇಳಿಯುತ್ತಿದ್ದರೂ ಹಾಗೇ ಹಿಡಿದು ನಿಂತಿದ್ದ. ಕೊಡೆ ಹಿಡಿದ ದಪ್ಪ ಹೆಂಗಸು ಉಸಿರು ಬಿಗಿಹಿಡಿದಿದ್ದಳು.

ಹಿಂದೆಲ್ಲೋ ಧಪ್ಪೆಂದು ಸದ್ದಾಯಿತು.

ಐಸಿನವನ ಕಣ್ಣು ಮೇಲೆ ಹೋಯಿತು. ಮೇಲೆ ಹೋದದ್ದು ಬಲಕ್ಕೆ ಹೊರಳಿತು. ಬಾಯಿ ನಿಧಾನಕ್ಕೆ ತೆರೆಯಿತು. ಹೆಂಗಸು ಕೊಡೆಯನ್ನು ಆಕಾಶಕ್ಕೆಸೆದಳು.

ಊರು ಸಿಡಿದು ಹೋಯಿತು ಆ ಕೂಗಿಗೆ. ಅದರಲ್ಲಿ ಲಿಂದೊಮಾರನ ಹೆಸರಿರಲಿಲ್ಲ.

ಮರುದಿನ ಅವನು ಹೊಳೆದಂಡೆಗೆ ಬಂದಾಗ ನೀರು ಏರಿತ್ತು. ಬಯಲು ಮುಳುಗಿತ್ತು. ಮೇಷ್ಟ್ರು ದೋಣಿಯ ಮೇಲೆ ಸುಮ್ಮನೆ ಕೂತಿದ್ದರು.

“ಗೆದ್ದೆವು.”

“ಪಟಾಕಿ ಕೇಳಿಸಿತು.”

“ತಂಡ ಉಳಿಯಿತು. ಅಧ್ಯಕ್ಷರು ತಬ್ಬಿಕೊಂಡರು. ಬೈದದ್ದನ್ನು ಮರೆತುಬಿಡು ಅಂದರು. ಇನ್ನೂ ಮೂರು ವರ್ಷ ಇಲ್ಲೇ ಇರು ಅಂದರು.”

“ಮತ್ತೆ ಮುಖ ಯಾಕೆ ಹೀಗೆ ಉಬ್ಬಿಸಿಕೊಂಡಿದ್ದೀ?”

“ನಾನು ನೋಡಲಿಲ್ಲ ಮೇಷ್ಟ್ರೇ!” ಲಿಂದೊಮಾರ್ ದೋಣಿಗೆ ಗುದ್ದಿದ. “ಊರಿಗೆ ಊರೇ ನೋಡಿದೆ, ನಾನೊಬ್ಬ ನೋಡಿಲ್ಲ! ಹೇಗೆ ಹೊಡೆದ? ನನ್ನ ಸಹಾಯಕ ಎಡಗಾಲು ಅನ್ನುತ್ತಾನೆ. ಐಸ್ ಮಾರುವವನು ಬಲಗಾಲು ಅಂತ ಆಣೆ ಮಾಡುತ್ತಾನೆ. ರೇಡಿಯೊದವನು ಬರೀ ಗೋಲ್, ಗೋಲ್ ಅಂತ ಕಿರುಚಿದ್ದಾನೆ. ಒಬ್ಬ ಫೋನಲ್ಲಿ ಹಿಡಿದಿದ್ದ, ತೋರಿಸೋ ಅಂದೆ. ಕುಣಿದಾಡಿದ್ದಾನೆ ಬಡ್ಡೀಮಗ, ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ!”

“ಜೊಯೆಲ್‌ನನ್ನು ಕೇಳಿದೆಯಾ?”

“ಅವನನ್ನಾ?”

ಲಿಂದೊಮಾರ್ ಆಚೀಚೆ ನೋಡಿ ಧ್ವನಿ ತಗ್ಗಿಸಿದ. “ಏನಂತ ಕೇಳಲಿ? ನಾನು ಅವನ ಕೋಚ್. ಲಿಂದೊಮಾರ್ ನಾನು! ‘ಹೇಗೆ ಹೊಡೆದೆಯೋ, ನನಗೆ ಗೊತ್ತಾಗಲಿಲ್ಲ, ಒಂಚೂರು ತೋರಿಸಪ್ಪಾ’ ಅಂತ ಅವನ ಮುಂದೆ ಹೋಗಿ ನಿಲ್ಲಲಾ?”

ಸೆರಾಫಿಂ ಮೇಷ್ಟ್ರು ದೋಣಿಯ ಮೇಲೆ ತುಸು ಸರಿದು ಅವನಿಗೆ ಜಾಗ ಮಾಡಿಕೊಟ್ಟರು.

“ನೀನು ಹುಡುಗನಾಗಿದ್ದಾಗ ನನಗೂ ಗೊತ್ತಾಗುತ್ತಿರಲಿಲ್ಲ,” ಅಂದರು. “ಅದಕ್ಕೇ ಪ್ರತಿ ಸಲ ‘ಹೇಗೆ ಹೊಡೆದೆಯೋ’ ಅಂತ ನಿನ್ನನ್ನು ಕೇಳುತ್ತಿದ್ದದ್ದು.”