ಗೆಜ್ಜೆ ಕಟ್ಟಿದ ಒಂಟೆ

ಕಾರ್ತಿಕ ಮಾಸದಲ್ಲಿ ರಾಜಸ್ಥಾನದ ಪುಷ್ಕರದಲ್ಲಿ ಒಂಟೆಗಳ ಜಾತ್ರೆ ಕೂಡಿತ್ತು. ಹೋದ ಜಾತ್ರೆಯಲ್ಲಿ ಪರರ ಪಾಲಾದ ತನ್ನ ಮರಿ ಈ ಸಲ ಕಣ್ಣಿಗೆ ಬಿದ್ದೀತೆಂಬ ಆಸೆಯಿಂದ ಕಜ್ಲಿ ಎಂಬ ಹೆಣ್ಣೊಂಟೆ ದಾರಿಯುದ್ದಕ್ಕೂ ಬೇಗಬೇಗ ಹೆಜ್ಜೆ ಹಾಕಿ ಬಂದಿತ್ತು. ಬಂದೊಡನೆ ಒಡೆಯ ಅದರ ಕೊರಳಿಗೂ ಕಾಲಿಗೂ ಗೆಜ್ಜೆ ಕಟ್ಟಿದ. ಜನ ಸುತ್ತ ನೆರೆದು ಹೊಗಳಿದರು. ಕಜ್ಲಿ ಹಿಗ್ಗಿ, ಕತ್ತು ಕೊಂಕಿಸಿ ಕುಣಿಯತೊಡಗಿತು.

ಸಂಜೆ, ಪಕ್ಕದ ಗೂಟದ ಮುದಿ ಮೇಕೆ ಕೇಳಿತು: "ಬೆಳಗಿನಿಂದ ದಿಬ್ಬದಾಚೆ ಒಂದು ಎಳೆಯ ಒಂಟೆ ತಾಯಿಯನ್ನು ಕೂಗುತ್ತಿತ್ತು. ನಿನ್ನದಲ್ಲವೇ?"

"ನನಗೆ ಕೇಳಿಸಲೇ ಇಲ್ಲವಲ್ಲ. ನೀನಾದರೂ ಹೇಳಬಾರದಿತ್ತೇ?"

"ಹೇಳಿದೆ, ತಾಯಿ. ಕೂಗಿಯೇ ಹೇಳಿದೆ. ಗೆಜ್ಜೆಯ ಸದ್ದಿನಲ್ಲಿ ಅದೂ ನಿನಗೆ ಕೇಳಿಸಲಿಲ್ಲ."

ಕಜ್ಲಿ ಉಸಿರು ಬಿಗಿಹಿಡಿದು ಆಲಿಸಿತು. ದಿಬ್ಬದ ಕಡೆಯಿಂದ ಗಾಳಿ ಮಾತ್ರ ಬಂತು.

"ಆ ಎಳೆಯ ಒಂಟೆಯಿದ್ದ ಹಿಂಡು ಮಧ್ಯಾಹ್ನವೇ ಊರಿಗೆ ಹೊರಟುಹೋಯಿತು," ಎಂದಿತು ಮೇಕೆ.

ಮರುದಿನ ಜನ ಮತ್ತೆ ನೆರೆದರು. ಒಡೆಯ ಹಗ್ಗ ಜಗ್ಗಿದ, ಬೆಲ್ಲ ತೋರಿಸಿದ, ಗದರಿದ. ಕಜ್ಲಿ ಕಿವಿಯನ್ನು ದಿಬ್ಬದ ಕಡೆಗೆ ತಿರುಗಿಸಿ, ಒಂದು ಗೆಜ್ಜೆಯೂ ಅಲುಗದಂತೆ ನಿಂತೇ ಇತ್ತು.