ಕೆಂಬೀಗರ ಹೊಂಡ

ಬಿಳಿನೆಲಹಟ್ಟಿಗೆ ಹೋಗುವ ದಾರಿಯಲ್ಲಿ, ಊರು ಇನ್ನೂ ಅರ್ಧ ಹರದಾರಿ ಇರುವಾಗಲೇ, ಬಲಕ್ಕೆ ಒಂದು ಹೊಂಡ ಸಿಗುತ್ತದೆ. ಸುತ್ತಲಿನ ನೆಲವೆಲ್ಲ ಚೌಳು. ಬೇಸಿಗೆಯಲ್ಲಿ ಅದರ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬಿಳಿಯ ಪುಡಿ ಏಳುತ್ತದೆ. ಅಲ್ಲಿ ಹುಲ್ಲು ಹುಟ್ಟುವುದಿಲ್ಲ, ದನ ಆ ನೀರಿಗೆ ಬಾಯಿ ಹಾಕುವುದಿಲ್ಲ. ಕೈ ಅದ್ದಿದರೆ ಬೆರಳು ಎಣ್ಣೆ ಹಚ್ಚಿದಂತೆ ಜಾರುತ್ತದೆ. ನೀರೇನೋ ತಿಳಿಯಾಗಿಯೇ ಇದೆ. ಕೆಂಪು ಎನ್ನುವುದು ದೀಪ ಹಚ್ಚಿ ಹುಡುಕಿದರೂ ಕಾಣದು. ಆದರೂ ಸುತ್ತ ಹತ್ತೂರಿನವರು ಅದನ್ನು ಕೆಂಬೀಗರ ಹೊಂಡ ಎಂದೇ ಕರೆಯುತ್ತಾರೆ. ಆ ಹೆಸರು ಬಂದದ್ದು ಮಡಿವಾಳರ ಬೊಮ್ಮವ್ವನಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಹಟ್ಟಿಯ ಗೌಡ ಈರಬಡಪ್ಪನ ಮಗಳು ಗಾದ್ರಮ್ಮನಿಗೆ ಮದುವೆ ಗೊತ್ತಾಯಿತು. ಆ ಹುಡುಗಿ ಹುಟ್ಟಿದಾಗ ತೊಟ್ಟಿಲ ಬಟ್ಟೆ ಒಗೆದವಳು ಬೊಮ್ಮವ್ವ. ಮದುವೆಯ ದಿನ ಹಾಸುವ ಮಡಿಯನ್ನೂ ತಾನೇ ಒಗೆಯಬೇಕೆಂದು ಬೆಳಗಾಗುವ ಮೊದಲೇ ಹೊಂಡದ ದಂಡೆಗೆ ಬಂದಿದ್ದಳು. ಚೌಳಿನಲ್ಲಿ ಅದ್ದಿದ ಬಟ್ಟೆಗಳನ್ನು ಉಬ್ಬೆಯ ಹಂಡೆಗೆ ಹಾಕಿ ಹಬೆಯಲ್ಲಿ ಬೇಯಿಸಿ, ಒಗೆದು ಒಣಹಾಕಿ, ಕಪ್ಪಿಟ್ಟ ತಾಮ್ರದ ಹಂಡೆಯನ್ನು ಬೆಳಗಲು ದೊಡ್ಡ ಪಾತ್ರೆಯ ತುಂಬ ಹುಣಸೆಹಣ್ಣು ನೆನೆಸಿಟ್ಟುಕೊಂಡು ಕೂತಿದ್ದಾಗ ಗಂಡಿನ ದಿಬ್ಬಣ ಬಂತು. ಮುಂದೆ ಕುದುರೆಯ ಮೇಲೆ ಮದುಮಗ ಪಾಲಯ್ಯ, ಅವನ ಹಿಂದೆ ತಂದೆ ಸಿಂಗಪ್ಪ, ಅವನ ಹಿಂದೆ ಇಪ್ಪತ್ತು ಜನ ನೆಂಟರು. ಎಲ್ಲರೂ ಮೈಗೆ ಅರಿಶಿನ ಬಳಿದುಕೊಂಡು, ಅರಿಶಿನದಲ್ಲಿ ಅದ್ದಿದ ಪಂಚೆ ಉಟ್ಟಿದ್ದರು. ದೂಳು ತೊಳೆದುಕೊಂಡು ಊರು ಹೊಕ್ಕೋಣವೆಂದು ಹೊಂಡದತ್ತ ತಿರುಗಿದರು.

"ಇದು ಬಟ್ಟೆ ಒಗೆಯೋ ನೀರು, ಯಜಮಾನ್ರೇ. ಅರಿಶಿನದ ಮೈಯಲ್ಲಿ ಇಳೀಬೇಡಿ. ಆಚೆ ಬಾವಿ ಐತೆ," ಎಂದಳು ಬೊಮ್ಮವ್ವ.

"ನಮಗೆ ಸ್ನಾನ ಕಲಿಸೋಕೆ ಬಂದೆಯಾ?" ಎಂದು ಸಿಂಗಪ್ಪ ಎಲ್ಲರಿಗಿಂತ ಮೊದಲು ಇಳಿದ. ಉಳಿದವರು ಅವನ ಹಿಂದೆ ಧುಮುಕಿದರು. ಮುಳುಗಿ ಮೇಲೆದ್ದಾಗ ಒಬ್ಬರ ಮುಖ ಒಬ್ಬರು ನೋಡಿ ಮೈ ಉಜ್ಜಿಕೊಳ್ಳತೊಡಗಿದರು. ಪಂಚೆ, ಮೈ, ನರೆತ ಮೀಸೆ, ಎಲ್ಲವೂ ಕೋಳಿ ಕುಯ್ದ ಕೈಯಂತೆ ಕೆಂಪು. ಉಜ್ಜಿದಷ್ಟೂ ಬಣ್ಣ ಏರಿತೇ ಹೊರತು ಇಳಿಯಲಿಲ್ಲ.

ಎದುರುಗೊಳ್ಳಲು ಓಡಿಬಂದ ಈರಬಡಪ್ಪ ದಂಡೆಯಲ್ಲೇ ನಿಂತುಬಿಟ್ಟ. ಇದೇನೆಂದು ಬೊಮ್ಮವ್ವನನ್ನು ಕೇಳಿದ. ಅರಿಶಿನಕ್ಕೆ ಚೌಳು ತಾಗಿದರೆ ಕೆಂಪಾಗುವುದು ಅವಳ ಕುಲಕ್ಕೆಲ್ಲ ಗೊತ್ತಿದ್ದ ಸಂಗತಿ. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಸಿಂಗಪ್ಪ ದಂಡೆಯೇರಿ ನಿಂತು, "ಹೆಣ್ಣಿನಲ್ಲೇ ದೋಷ ಇದೆ. ಇಲ್ಲದಿದ್ದರೆ ಊರ ನೀರು ಹೀಗೆ ರಕ್ತ ಕಾರುತ್ತಿತ್ತೇ? ನಾವು ಹಿಂದಿರುಗುತ್ತೇವೆ," ಎಂದ. ಬಾಸಿಂಗ ಕಟ್ಟಿಕೊಂಡು ಕೂತ ಹುಡುಗಿಯನ್ನು ಬಿಟ್ಟು ದಿಬ್ಬಣ ಮರಳಿದರೆ ಅವಳನ್ನು ಮುಂದೆ ಯಾರೂ ಕೇಳುವುದಿಲ್ಲ. ಅದನ್ನು ನೆನೆದು ಬೊಮ್ಮವ್ವ, ಹೇಳಹೊರಟ ಮಾತನ್ನು ನುಂಗಿಕೊಂಡು, ಬೇರೊಂದನ್ನು ಹೇಳಿದಳು.

"ದೋಷ ಹೆಣ್ಣಿಂದಲ್ಲ, ಯಜಮಾನ್ರೇ. ಒಳಗೊಂದು ಇಟ್ಕೊಂಡು ಹೊರಗೊಂದು ಹೇಳಿದವರನ್ನ ಈ ಹೊಂಡ ಕೆಂಪು ಮಾಡ್ತೈತೆ. ಮುಚ್ಚಿಟ್ಟಿದ್ದನ್ನ ಇಲ್ಲಿ ಬಿಚ್ಚಿ ಹೇಳಿದವರಿಗೆ ಹಳದಿ ನಾನು ತಂದುಕೊಡ್ತೀನಿ."

ಮೊದಲು ಮದುಮಗನ ಸೋದರಮಾವ ಮುಂದೆ ಬಂದು, ಕುದುರೆ ತಮ್ಮದಲ್ಲ, ಪಕ್ಕದ ಊರಿನಿಂದ ಎರವಲು ತಂದದ್ದು ಎಂದ. ಬೊಮ್ಮವ್ವ ಒಂದು ಚೊಂಬು ಹುಣಸೆ ನೀರನ್ನು ಅವನ ತಲೆಯ ಮೇಲೆ ಸುರಿದಳು. ನೀರು ಹರಿದ ದಾರಿಯುದ್ದಕ್ಕೂ ಕೆಂಪು ಕರಗಿ ಹಳದಿ ಮೂಡಿತು. ಅಲ್ಲಿಂದ ಮುಂದೆ ಸತ್ಯ ಹೇಳಲು ನೂಕುನುಗ್ಗಲಾಯಿತು. ಒಬ್ಬ ತಾನು ನೆಂಟನೇ ಅಲ್ಲ, ಊಟಕ್ಕೆಂದು ಸೇರಿಕೊಂಡವನು ಎಂದ. ಇಬ್ಬರು ಅಣ್ಣತಮ್ಮಂದಿರು ಒಟ್ಟಿಗೆ ಬಾಯಿ ಬಿಟ್ಟು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳಿ ಅಲ್ಲೇ ಜಗಳಕ್ಕೆ ನಿಂತರು. ಪಾಲಯ್ಯ ತಲೆ ತಗ್ಗಿಸಿ, ತನಗೆ ಎಡಗಿವಿ ಕೇಳಿಸುವುದಿಲ್ಲ ಎಂದ. ಸುದ್ದಿ ಚಪ್ಪರಕ್ಕೆ ಮುಟ್ಟಿದಾಗ ಗಾದ್ರಮ್ಮ, "ಬಲಗಡೆ ಕೂತು ಮಾತಾಡಿದರಾಯಿತು," ಎಂದು ಹೇಳಿಕಳಿಸಿದಳಂತೆ.

ಮುಹೂರ್ತ ಸಮೀಪಿಸಿತು. ಎಲ್ಲರೂ ಹಳದಿಯಾಗಿ ಒಬ್ಬ ಸಿಂಗಪ್ಪ ಮಾತ್ರ ಮೆಣಸಿನಕಾಯಿಯಂತೆ ನಿಂತಿದ್ದ. ಪಾತ್ರೆಯಲ್ಲಿ ಉಳಿದದ್ದು ಒಂದೇ ಚೊಂಬು. ಅವನು ಬೊಮ್ಮವ್ವನ ಹತ್ತಿರ ಬಂದು ಮೆಲ್ಲಗೆ ಹೇಳಿದ:

"ಹುಡುಗಿಯಲ್ಲಿ ಏನೂ ದೋಷ ಇಲ್ಲ, ತಾಯಿ. ಊಟಕ್ಕೆ ಮುಂಚೆ ಒಂದು ಸಲವಾದರೂ ಮುನಿಸಿಕೊಳ್ಳದಿದ್ದರೆ ನನ್ನನ್ನು ಬೀಗ ಅಂತ ಯಾರು ಲೆಕ್ಕಕ್ಕಿಡುತ್ತಾರೆ? ಕಾರಣ ಹುಡುಕುತ್ತಲೇ ಬಂದಿದ್ದೆ."

"ಗಟ್ಟಿಯಾಗಿ ಹೇಳಿ. ಹೊಂಡಕ್ಕೆ ಕೇಳಿಸಲಿಲ್ಲ."

ಗಟ್ಟಿಯಾಗಿ ಹೇಳಿದ. ಬೊಮ್ಮವ್ವ ಆ ಕೊನೆಯ ಚೊಂಬನ್ನು ಆತುರವಿಲ್ಲದೆ ಸುರಿದಳು. ಹಳದಿಯಾದ ಸಿಂಗಪ್ಪನಿಗೆ ಧೈರ್ಯ ಬಂದು, ಗೌಡರೂ ಅರಿಶಿನ ಬಳಿದುಕೊಂಡು ಒಂದು ಮುಳುಗು ಹಾಕಲಿ ಎಂದ. ಈರಬಡಪ್ಪ ಎರಡು ಸಲ ಕೆಮ್ಮಿ, ತನಗೆ ನೆಗಡಿ ಎಂದ. ಮದುವೆ ನಡೆಯಿತು. ಬೊಮ್ಮವ್ವನನ್ನು ಚಪ್ಪರದೊಳಗೆ ಕರೆದು, ಬೀಗರ ಪಂಕ್ತಿಯಲ್ಲೇ ಕೂರಿಸಿ ಬಡಿಸಿದರು. ಅವಳು ನಿಜ ಸಂಗತಿಯನ್ನು ತನ್ನ ಸೊಸೆಗೆ ಬಿಟ್ಟರೆ ಬೇರೆ ಯಾರಿಗೂ ಹೇಳಲಿಲ್ಲ ಎನ್ನುತ್ತಾರೆ.

ಈಗ ಹೋದವರಿಗೆ ದಂಡೆಯ ಮೇಲೆ ಮೊಣಕಾಲೆತ್ತರದ ಒಂದು ಕಲ್ಲು ಕಾಣುತ್ತದೆ. ಅದಕ್ಕೆ ಅರಿಶಿನ ಬಳಿದು ಹೊಂಡದ ನೀರು ಎರಚುತ್ತಾರಾದ್ದರಿಂದ ಕಲ್ಲು ಸದಾ ಕೆಂಪಗಿರುತ್ತದೆ. ಹಟ್ಟಿಯ ಶಾಲೆಯ ವಿಜ್ಞಾನದ ಮೇಷ್ಟ್ರು ವರ್ಷಕ್ಕೊಮ್ಮೆ ಮಕ್ಕಳನ್ನು ಅಲ್ಲಿಗೆ ಕರೆತಂದು, ಚೌಳು ಕ್ಷಾರ, ಹುಣಸೆ ಆಮ್ಲ, ಇದರಲ್ಲಿ ಮಾಯಮಂತ್ರ ಏನೂ ಇಲ್ಲ ಎಂದು ತೋರಿಸಿಕೊಡುತ್ತಾರೆ. ಬಟ್ಟೆ ಒಗೆಯುವ ಹೆಂಗಸರು ಅದನ್ನು ಕೇಳಿಯೂ ಕೇಳದಂತೆ ಇರುತ್ತಾರೆ. ಹೋದ ವರ್ಷ ಮೇಷ್ಟ್ರು ತಮ್ಮ ಮಗಳಿಗೆ ಗಂಡು ಗೊತ್ತುಮಾಡಿದಾಗ, ಮಾತುಕತೆಗೆ ಬಂದ ಬೀಗರನ್ನು ಮನೆಗೆ ಕರೆದೊಯ್ಯುವ ಮೊದಲು, ಕೈಕಾಲಿಗೆ ಅರಿಶಿನ ಹಚ್ಚಿಸಿ, ಈ ಹೊಂಡಕ್ಕೇ ಕರೆತಂದರು.